ಅಳಿಯನಿಗೆ ಬಾತುಕೋಳಿ

ಕಾರ್ಕಳದ ಕಡೆ ಮದುವೆಗಿಂತ ಮದುವೆಯ ನಂತರದ ಊಟಗಳು ಕಷ್ಟ. ಹೊಸ ಜೋಡಿಯನ್ನು ನೆಂಟರೆಲ್ಲ ಒಬ್ಬೊಬ್ಬರಾಗಿ ಮನೆಗೆ ಕರೆಯಬೇಕು, ಕರೆದ ಮೇಲೆ ಕೋಳಿ ಕೊಯ್ಯಬೇಕು, ಕೊಯ್ದ ಮೇಲೆ ಅಳಿಯ ತಿನ್ನಬೇಕು. ಬಡಿಸುವವರು ಸೌಟು ಕೆಳಗಿಡುವಂತಿಲ್ಲ, ತಿನ್ನುವವನು ಎಲೆಗೆ ಕೈ ಅಡ್ಡ ಹಿಡಿಯುವಂತಿಲ್ಲ. ಹಿಡಿದನೋ, ಅಳಿಯನಿಗೆ ಇಂಥವರ ಮನೆಯ ಅಡಿಗೆ ಸೇರಲಿಲ್ಲವಂತೆ ಎಂಬ ಸುದ್ದಿ ಸಂಜೆಯೊಳಗೆ ಊರೆಲ್ಲ ಸುತ್ತಿ ಬರುತ್ತದೆ. ಈ ಕ್ರಮವನ್ನು ಯಾರು ಮಾಡಿದರೋ ಗೊತ್ತಿಲ್ಲ. ಅಳಿಯಂದಿರಂತೂ ಮಾಡಿರಲಿಕ್ಕಿಲ್ಲ.

ಎಪ್ಪತ್ತೊಂದನೆಯ ಇಸವಿಯ ಬೇಸಗೆಯಲ್ಲಿ ಕುಸುಮಾವತಿಯ ಮಗಳು ನಿರ್ಮಲಳ ಮದುವೆ ಊರಲ್ಲಿ ಆಯಿತು. ಅಳಿಯ ಅನಂತ ತಿರುವನಂತಪುರದಲ್ಲಿ, ತುಂಬಾದ ರಾಕೆಟ್ ಕೇಂದ್ರದಲ್ಲಿ ಕೆಲಸಕ್ಕಿದ್ದ. ಮಾತು ಕಡಿಮೆಯ ಬಡಕಲು ಹುಡುಗ. ಕುಸುಮಾವತಿಯ ಗಂಡ ದಿನಕರ ಶೆಟ್ಟರು ಕೊಚ್ಚಿಯಲ್ಲಿ, ಮಟ್ಟಾಂಚೇರಿಯ ಒಂದು ಬ್ಯಾಂಕಿನಲ್ಲಿ ಅಕೌಂಟೆಂಟು, ಮನೆ ಪಾಲಾರಿವಟ್ಟಂನಲ್ಲಿ. ರಜೆ ಮುಗಿಯಿತೆಂದು ಶೆಟ್ಟರೂ ಕುಸುಮಾವತಿಯೂ ಮದುವೆಯ ಬೆನ್ನಿಗೇ ಕೊಚ್ಚಿಗೆ ಓಡಿಬಂದದ್ದರಿಂದ, ಎಲ್ಲರಿಗಿಂತ ಮೊದಲು ಆಗಬೇಕಾದ ಅತ್ತೆಮನೆಯ ಊಟ ಎಲ್ಲರಿಗಿಂತ ಕೊನೆಗೆ ಬಿತ್ತು.

ಕೊನೆಗೆ ಬಿದ್ದದ್ದೇ ಕುಸುಮಾವತಿಯ ಸಂಕಟ. ಮೊದಲು ಕರೆದ ಚಿಕ್ಕಪ್ಪನ ಮನೆಯಲ್ಲಿ ಊರ ಹುಂಜ. ಅದಕ್ಕೆ ಕಡಿಮೆಯಾಗಬಾರದೆಂದು ದೊಡ್ಡಮ್ಮನ ಮನೆಯಲ್ಲಿ ಕೋಳಿ ಅಂಕದಲ್ಲಿ ಕಾದಾಡಿ ಸತ್ತ ಹುಂಜ. ಅದರ ಒಂದು ಕಾಲು ಅಗಿದು ಮುಗಿಸುವಷ್ಟರಲ್ಲಿ ಅಳಿಯನ ದವಡೆ ಬಾತುಹೋಗಿತ್ತಂತೆ. ಇನ್ನೊಬ್ಬ ಮಾವ ಕೋವಿ ಹಿಡಿದು ಹೋಗಿ ಕಾಡುಕೋಳಿ ತಂದರು. ಮತ್ತೊಬ್ಬರು ಎಲ್ಲಿಂದಲೋ ಗಿನಿಕೋಳಿ ಹುಡುಕಿದರು. ಇಷ್ಟಕ್ಕೇ ನಿಂತಿದ್ದರೆ ಕುಸುಮಾವತಿ ಹೇಗೋ ಸುಧಾರಿಸುತ್ತಿದ್ದಳು. ಆದರೆ ತಿರುವನಂತಪುರದಲ್ಲಿ ಸರೋಜಕ್ಕ ಇದ್ದಳು.

ಸರೋಜಕ್ಕ ದಿನಕರ ಶೆಟ್ಟರ ಅಕ್ಕ. ಅವಳ ಗಂಡ ಅಲ್ಲಿನ ಒಂದು ಕೇಂದ್ರ ಸರಕಾರದ ಕಚೇರಿಯಲ್ಲಿ ದೊಡ್ಡ ಹುದ್ದೆಯವರು. ಕುಸುಮಾವತಿ ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಅವಳು ಹಚ್ಚಿದ ಒಗ್ಗರಣೆಯಲ್ಲಿ ಸರೋಜಕ್ಕನಿಗೆ ಏನಾದರೊಂದು ಹೆಚ್ಚು, ಏನಾದರೊಂದು ಕಮ್ಮಿ. ಹೊಸ ಜೋಡಿ ತಿರುವನಂತಪುರದಲ್ಲಿ ಬಿಡಾರ ಹೂಡಿದ ಕೂಡಲೇ ಸರೋಜಕ್ಕ ಊಟಕ್ಕೆ ಕರೆದು, ಎಂಟು ಜನ ತಿನ್ನುವಷ್ಟು ದೊಡ್ಡ ಟರ್ಕಿ ಕೋಳಿ ತರಿಸಿ, ಇಡೀ ಹಕ್ಕಿಯನ್ನೇ ಬೇಯಿಸಿ ಮೇಜಿನ ಮೇಲಿಟ್ಟಳು. ಇಟ್ಟದ್ದಲ್ಲದೆ ಟ್ರಂಕ್ ಕಾಲ್ ಮಾಡಿ ತಮ್ಮನ ಬ್ಯಾಂಕಿಗೆ ವರದಿಯನ್ನೂ ಒಪ್ಪಿಸಿದಳು. ಶೆಟ್ಟರು ಮನೆಗೆ ಬಂದು ಅಂಗಿ ಕಳಚುತ್ತ ಅದನ್ನು ಹೆಂಡತಿಗೆ ಹೇಳಿದರು.

"ಅಕ್ಕ ಕೇಳಿದಳು, ಕುಸುಮಾ ಎಂತ ಮಾಡ್ತಾಳೆ, ಕೋಳಿಯಾ ಅಂತ."

"ನೀವು ಎಂತ ಹೇಳಿದ್ರಿ?"

"ಹೌದು, ಕೋಳಿ ಅಂತ ಹೇಳಿದೆ. ಮತ್ತೆ ಎಂತ ಹೇಳುದು?"

ಕುಸುಮಾವತಿ ಆ ರಾತ್ರಿ ಗಂಡನಿಗೆ ಸಾರು ಬಡಿಸಿದ ರೀತಿ ಚೆನ್ನಾಗಿರಲಿಲ್ಲ. ಅವಳಿಗೆ ಇದು ಕೋಳಿಯ ಪ್ರಶ್ನೆಯಲ್ಲ. ಒಬ್ಬಳೇ ಮಗಳು, ಆ ಮಗಳ ಗಂಡ ಮೊದಲ ಸಲ ಮನೆಗೆ ಬರುತ್ತಾನೆ. ನಾಳೆ ಎಲ್ಲರೂ ಸೇರಿದಲ್ಲಿ ಎಲ್ಲ ಮನೆಯ ಊಟದ ಮಾತು ಬಂದಾಗ ಹೆತ್ತ ತಾಯಿಯ ಮನೆಯ ಊಟ ಯಾರ ಬಾಯಲ್ಲೂ ಬರದೆ ಹೋದರೆ ಅವಳು ತಲೆ ಎತ್ತುವುದು ಹೇಗೆ? ಊರ ಕೋಳಿ, ಅಂಕದ ಕೋಳಿ, ಕಾಡುಕೋಳಿ, ಗಿನಿಕೋಳಿ, ಟರ್ಕಿ ಎಲ್ಲ ಮುಗಿದಿತ್ತು. ರೆಕ್ಕೆ ಇದ್ದದ್ದರಲ್ಲಿ ಉಳಿದದ್ದು ಕಾಗೆ ಮತ್ತು ಬಾತು.

ಬಾತು ಎಂದು ತೀರ್ಮಾನವಾಯಿತು. ಕುಸುಮಾವತಿ ಹುಟ್ಟಿದ ಮೇಲೆ ಬಾತುಕೋಳಿಯನ್ನು ನೀರಿನಲ್ಲಿ ನೋಡಿದ್ದಳೇ ಹೊರತು ಪಾತ್ರೆಯಲ್ಲಿ ನೋಡಿರಲಿಲ್ಲ. ಪಕ್ಕದ ಮನೆಯ ಏಲಿಕ್ಕುಟ್ಟಿ ಚೇಟತ್ತಿ ಮಾತ್ರ ಕ್ರಿಸ್ಮಸ್ಸಿಗೆ, ಈಸ್ಟರಿಗೆ ತಪ್ಪದೆ ಬಾತು ಮಾಡುವವಳು. ಅವಳು ಬೇಲಿಯ ಆ ಕಡೆಯಿಂದಲೇ ಪಾಠ ಹೇಳಿದಳು: ತಾರಾವು, ಅಂದರೆ ಬಾತು, ಕೋಳಿಯಂತಲ್ಲ, ಅದರ ಗರಿಗೆ ನೀರು ಹಿಡಿಯುವುದಿಲ್ಲ, ಕುದಿಯುವ ನೀರಿನಲ್ಲಿ ಅದುಮಿ ಹಿಡಿಯಬೇಕು. ದೊಡ್ಡ ಪುಕ್ಕ ಕಿತ್ತರೂ ಸಣ್ಣದು ಉಳಿಯುತ್ತದೆ, ಅದನ್ನು ತೆಂಗಿನ ಗರಿಯ ಉರಿಯಲ್ಲಿ ಸುಡಬೇಕು. ಬಾಲದ ಬುಡದಲ್ಲಿ ಎಣ್ಣೆಯ ಗಂಟು ಇರುತ್ತದೆ, ಅದನ್ನು ಕಿತ್ತೆಸೆಯದಿದ್ದರೆ ಇಡೀ ಸಾರು ನಾರುತ್ತದೆ. ಮುಖ್ಯವಾಗಿ ಅವಸರ ಮಾಡಬಾರದು, ಬೇಯುವಷ್ಟು ಬೇಯಬೇಕು. ಕುಸುಮಾವತಿ ತನ್ನ ಅರೆಬರೆ ಮಲೆಯಾಳದಲ್ಲಿ ಎಲ್ಲದಕ್ಕೂ "ಶೆರಿ ಚೇಟತ್ತಿ, ಶೆರಿ" ಎಂದಳು.

ಶೆಟ್ಟರ ಕಡೆಯಿಂದ ಬೇರೆಯೇ ಪಾಠ ನಡೆದಿತ್ತು. ಅವರಿಗೆ ಪತ್ರಿಕೆಯಲ್ಲಿ ಬರುವ ಆರೋಗ್ಯದ ಅಂಕಣವೆಂದರೆ ವೇದ. ಆ ವಾರ ಮಾಂಸದ ಮೇಲಿನ ಕ್ರಿಮಿಗಳ ವಿಷಯ ಬಂದಿತ್ತು. ಹಸಿ ಮಾಂಸ ಕೊಯ್ದ ಮೆಟ್ಟುಕತ್ತಿಯಲ್ಲಿ ಈರುಳ್ಳಿ ಕೊಯ್ಯಬಾರದು, ಕೈ ಸೋಪು ಹಾಕಿ ತೊಳೆಯಬೇಕು, ಪಾತ್ರೆಯಲ್ಲಿ ಕೊಳೆಯ ಪೊರೆ ಇರಬಾರದು. ಶೆಟ್ಟರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಓದುತ್ತಿದ್ದರು, ಕುಸುಮಾವತಿ ಕೊತ್ತಂಬರಿ ಹುರಿಯುತ್ತಿದ್ದಳು.

"ಅಷ್ಟೆಲ್ಲ ಗೊತ್ತಿದ್ರೆ ನೀವೇ ಮಾಡಿ," ಎಂದಳು.

ಅವಳು ಆ ಮಾತನ್ನು ಆಡಬಾರದಿತ್ತು. ಶೆಟ್ಟರು ಅದನ್ನು ಮನಸ್ಸಿಗೆ ತೆಗೆದುಕೊಂಡರು.

ಶನಿವಾರ ಮಧ್ಯಾಹ್ನ ಅವರು ಮಟ್ಟಾಂಚೇರಿಯಿಂದ ಎರಡು ಬಾತುಗಳನ್ನು ಚೀಲಕ್ಕೆ ಹಾಕಿ ದೋಣಿಯಲ್ಲಿ ತಂದರು. ತಲೆ ಎರಡೂ ಹೊರಗಿದ್ದವು. ನಾಲ್ಕೂ ಕಡೆ ನೀರು ಕಂಡ ಬಾತುಗಳಿಗೆ ಚೀಲದಲ್ಲಿರುವುದು ಅನ್ಯಾಯವಾಗಿ ಕಂಡಿರಬೇಕು. ಎರ್ನಾಕುಲಂ ಜೆಟ್ಟಿಯವರೆಗೂ ಒಂದೇ ಸಮನೆ ಕೂಗಿದವು. ದೋಣಿಯಲ್ಲಿದ್ದ ಬ್ಯಾಂಕಿನ ಗಿರಾಕಿಯೊಬ್ಬ ಏನು ಸಾರ್ ವಿಶೇಷ ಎಂದು ಕೇಳಿದ. ಅಳಿಯ ಬರುತ್ತಾನೆ ಎಂದರು ಶೆಟ್ಟರು, ಇಸ್ತ್ರಿ ಹಾಕಿದ ಪ್ಯಾಂಟಿನಿಂದ ಪುಕ್ಕ ಹೆಕ್ಕುತ್ತ.

ಎರಡು ಬಾತಿಗೆ ಮನೆಯ ಅಲ್ಯೂಮಿನಿಯಂ ಪಾತ್ರೆಗಳು ಸಾಲವು. ಕುಸುಮಾವತಿ ಅಟ್ಟದಿಂದ ತವರುಮನೆಯ ತಾಮ್ರದ ದೊಡ್ಡ ಪಾತ್ರೆ ಇಳಿಸಿದಳು. ಅವಳ ಮದುವೆಯಲ್ಲಿ ತಾಯಿ ಕೊಟ್ಟದ್ದು. ಅಜ್ಜಿಯ ಕಾಲದಿಂದ ಆ ಮನೆಯ ಅಳಿಯಂದಿರಿಗೆಲ್ಲ ಗಸಿ, ಮಸಾಲೆ ಅರೆದ ಕೋಳಿಯ ಗಟ್ಟಿ ಸಾರು, ಬೆಂದದ್ದು ಅದರಲ್ಲೇ. ಊರಿನಲ್ಲಿ ಕಲಾಯಿಯವನು ವರ್ಷಕ್ಕೊಮ್ಮೆ ಅಂಗಳಕ್ಕೇ ಬಂದು, ತಿದಿ ಒತ್ತಿ, ಪಾತ್ರೆಯ ಒಳಮೈಗೆ ತವರದ ಬಿಳಿ ಲೇಪ ಕೊಟ್ಟು ಹೋಗುತ್ತಿದ್ದ. ಮಗಳ ಮದುವೆಯ ಮೊದಲು ಊರಿಗೆ ಒಯ್ದಾಗ ಅವಳು ಅದಕ್ಕೆ ಹೊಸದಾಗಿ ಕಲಾಯಿ ಹಾಕಿಸಿಯೇ ತಂದಿದ್ದಳು. "ಇದನ್ನು ಸ್ವಲ್ಪ ನೀರು ಹಾಕಿ ತೊಳೆದು ಹೊರಗಿನ ಒಲೆಯ ಮೇಲೆ ಇಡಿ" ಎಂದು ಗಂಡನಿಗೆ ಹೇಳಿ ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಚೇಟತ್ತಿಯ ಗಂಡ ಬಾತುಗಳನ್ನು ಕೊಯ್ದುಕೊಟ್ಟ. ಚೇಟತ್ತಿ ಬೇಲಿ ದಾಟಿ ಬಂದು ಪುಕ್ಕ ಕೀಳಲು ಕೂತಳು. ಅಂಗಳ ತುಂಬ ಬಿಳಿ ಗರಿ ಹಾರಿ ತುಳಸಿ ಗಿಡದ ಮೇಲೂ ಕೂತವು. ಕುಸುಮಾವತಿ ಎಣ್ಣೆಯ ಗಂಟು ಕಿತ್ತಳು, ಉಪ್ಪು ಅರಸಿನ ಹಾಕಿ ಮೂರು ನೀರಲ್ಲಿ ತೊಳೆದಳು, ತುಂಡು ಮಾಡಿದ ಮೆಟ್ಟುಕತ್ತಿಯನ್ನು ಕುದಿನೀರು ಹೊಯ್ದು ಬೇರೆ ಇಟ್ಟಳು. ಮಸಾಲೆ ಅರೆಯುವುದು ಅವಳ ಪಾಲು, ಹೊರಗಿನ ಒಲೆ ಶೆಟ್ಟರ ಪಾಲು. ತುಂಡುಗಳನ್ನು ಪಾತ್ರೆಗೆ ಹಾಕಿ ನೀರಿಟ್ಟು ಬೇಯಿಸಿದವರು ಅವರೇ. ಅವಳು ಮಸಾಲೆ, ಹುಣಸೆಹುಳಿ ತಂದು ಸುರಿಯುವಾಗ ಪಾತ್ರೆ ಕಂಠದವರೆಗೆ ತುಂಬಿ ನೊರೆಯುತ್ತಿತ್ತು. ಹುಳಿ ಮುಂದಾಗಿಯೇ ಹಾಕಿದಳು, ಬಾತಿನ ನೆಣ ಮುರಿಯಬೇಕಲ್ಲ. ಮಾಂಸ ಎಲುಬು ಬಿಡುವವರೆಗೆ ಬೆಂದಿತು. ನಿಂತಷ್ಟೂ ಗಸಿಗೆ ರುಚಿ ಎಂದು ಮುಚ್ಚಿ ಕೆಂಡದ ಮೇಲೆ ಬಿಟ್ಟು ಅವಳು ಸ್ನಾನಕ್ಕೆ ಹೋದಳು.

ಮಗಳು ಅಳಿಯ ಹನ್ನೊಂದರ ಬಸ್ಸಿಗೆ ಬಂದಿಳಿದರು. ಕಾಫಿಯಾಯಿತು, ಪ್ರಯಾಣದ ಮಾತಾಯಿತು. ಅಳಿಯ ಮದುವೆಯ ದಿನಕ್ಕಿಂತ ಇನ್ನೂ ಇಳಿದುಹೋಗಿದ್ದ. ಅವನು ಮಾವನ ಎದುರು ಕುರ್ಚಿಯ ಅಂಚಿನಲ್ಲಿ ಕೂತು, ಹಿತ್ತಲಿನಿಂದ ಬರುತ್ತಿದ್ದ ಪರಿಮಳದ ಕಡೆಗೆ ಮುಖ ತಿರುಗಿಸದಂತೆ ಜಾಗ್ರತೆ ವಹಿಸಿದ್ದ. ಕುಸುಮಾವತಿ ಅದನ್ನು ಮರ್ಯಾದೆ ಎಂದುಕೊಂಡಳು.

ಎಲೆ ಹಾಕುವ ಮೊದಲು ಉಪ್ಪು ನೋಡಲು ಅವಳು ಹೊರಗೆ ಹೋಗಿ ಸೌಟಿನ ತುದಿಯಿಂದ ಒಂದು ತೊಟ್ಟು ಅಂಗೈಗೆ ಬಿಟ್ಟು ನೆಕ್ಕಿದಳು. ಉಪ್ಪು ಸರಿ ಇತ್ತು, ಖಾರ ಸರಿ ಇತ್ತು. ಆಮೇಲೆ ನಾಲಿಗೆಯ ಬುಡದಲ್ಲಿ ಒಂದು ಕಹಿ ಎದ್ದು ನಿಂತಿತು, ಬಾಯಲ್ಲಿ ತಾಮ್ರದ ಕಾಸು ಇಟ್ಟುಕೊಂಡಂತೆ. ಅವಳು ಸೌಟಿನಿಂದ ಗಸಿಯನ್ನು ಒಂದು ಪಕ್ಕಕ್ಕೆ ಸರಿಸಿ ಪಾತ್ರೆಯ ಒಳಮೈ ನೋಡಿದಳು. ಬಿಳಿ ಇರಬೇಕಾದಲ್ಲಿ ಕೆಂಪಗೆ, ಹೊಸ ತಾಮ್ರ ಫಳಫಳ ಹೊಳೆಯುತ್ತಿತ್ತು. ಬಾಯಿಯ ಸುತ್ತ ಗಸಿ ಒಣಗಿದ ಕಡೆ ತೆಳ್ಳಗೆ ಹಸಿರು ಕಟ್ಟಿತ್ತು.

"ಇಲ್ಲಿ ಬನ್ನಿ ಒಮ್ಮೆ," ಎಂದು ಗಂಡನನ್ನು ಮೆಲ್ಲಗೆ ಕರೆದಳು. ಮೆಲ್ಲಗೆ ಕರೆದರೆ ಶೆಟ್ಟರಿಗೆ ಹೆದರಿಕೆ ಜಾಸ್ತಿ.

"ಈ ಪಾತ್ರೆಗೆ ಎಂತ ಮಾಡಿದ್ರಿ?"

"ತೊಳೆದೆ. ಒಳಗೆಲ್ಲ ಬಿಳಿ ಬಿಳಿ ಕೊಳೆ ಹಿಡಿದಿತ್ತು ಮಾರಾಯ್ತಿ. ಇಟ್ಟಿಗೆ ಪುಡಿ, ನಾರು ಹಾಕಿ ಎರಡು ಗಂಟೆ ತಿಕ್ಕಿದ್ದೇನೆ. ಕೈ ನೋಡು, ಬೊಕ್ಕೆ ಬಂದಿದೆ."

"ಅದು ಕೊಳೆ ಅಲ್ಲ. ಕಲಾಯಿ."

ಶೆಟ್ಟರು ಹುಟ್ಟಿದ್ದು ಆಳುಕಾಳಿನ ಮನೆಯಲ್ಲಿ. ಕಲಾಯಿ ಹಾಕುವುದನ್ನು ಅವರು ಕಂಡಿದ್ದರು, ಹಾಕಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಯೋಚಿಸಿರಲಿಲ್ಲ. ಅವರು ಪಾತ್ರೆಯನ್ನೂ ಹೆಂಡತಿಯನ್ನೂ ಸರದಿಯಂತೆ ನೋಡಿದರು.

"ಸ್ವಲ್ಪ ತೆಂಗಿನಹಾಲು ಜಾಸ್ತಿ ಹಾಕಿದರೆ?" ಎಂದರು. "ಒಂದು ಹೊತ್ತಿನ ಊಟ ಅಲ್ವಾ. ಎಂತ ಆಗ್ತದೆ?"

ಸುಳ್ಳೇಕೆ ಹೇಳಬೇಕು, ಒಂದು ಗಳಿಗೆ ಕುಸುಮಾವತಿಗೂ ಹಾಗೆ ಅನ್ನಿಸಿತು. ಒಳಗೆ ಅಳಿಯ, ಆ ಕಡೆ ಟರ್ಕಿ, ಎದುರಿಗೆ ಇಷ್ಟು ಚೆಂದದ ಗಸಿ. ತೆಂಗಿನಹಾಲಿಗೆ ಕಹಿ ಮುಚ್ಚಿಹೋಗುತ್ತಿತ್ತು ಕೂಡ. ಆದರೆ ಅವಳು ಚಿಕ್ಕವಳಿದ್ದಾಗ ಒಂದು ಗೃಹಪ್ರವೇಶದಲ್ಲಿ, ಕಲಾಯಿ ಹೋದ ಪಾತ್ರೆಯಲ್ಲಿ ಮಜ್ಜಿಗೆ ಇಟ್ಟು ಬಡಿಸಿದ್ದರು. ಒಂದು ಪಂಕ್ತಿಯ ಜನ ಪೂರಾ ಬಾವಿಕಟ್ಟೆಯ ಹತ್ತಿರ ಹೊಟ್ಟೆ ಹಿಡಿದು ಬಗ್ಗಿ ನಿಂತದ್ದು ಅವಳಿಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿತ್ತು. ಆ ಮನೆಯ ಯಜಮಾನಿಯನ್ನು ಜನ ಸಾಯುವವರೆಗೂ ಮಜ್ಜಿಗೆಯಕ್ಕ ಎಂದೇ ಕರೆದರು.

"ಗುಂಡಿ ತೋಡಿ," ಎಂದಳು.

ಶೆಟ್ಟರು ಬಾಳೆಯ ಬುಡದಲ್ಲಿ ಗುಂಡಿ ತೋಡಿದರು. ನಾಯಿ ಬೆಕ್ಕು ತಿನ್ನಬಾರದೆಂದು ಆಳವಾಗಿಯೇ ತೋಡಿದರು. ಎರಡು ಬಾತು, ಆರು ತೆಂಗಿನಕಾಯಿ, ಎರಡು ದಿನದ ಆಸೆ ಅದರೊಳಗೆ ಹೋಯಿತು. ಮಣ್ಣು ಎಳೆಯುವಾಗ ಕುಸುಮಾವತಿಗೆ ಅಳು ಬಂತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಹೊಗೆ ಎಂದು ತನಗೆ ತಾನೇ ಹೇಳಿಕೊಂಡು ಒಳಗೆ ಬಂದಳು.

ಒಳಗೆ ಇದ್ದದ್ದು ಬೆಳಿಗ್ಗೆ ತಮಗಿಬ್ಬರಿಗೆಂದು ಇಟ್ಟ ಕುಚ್ಚಲಕ್ಕಿ ಗಂಜಿ, ಒಣಸಿಗಡಿ ಚಟ್ನಿ, ಭರಣಿಯಲ್ಲಿ ಮಾವಿನ ಮಿಡಿ. ಮೊದಲ ಸಲ ಬಂದ ಅಳಿಯನ ಮುಂದೆ ಅವಳು ಅದನ್ನೇ ಇಟ್ಟಳು. ಏನೂ ಮುಚ್ಚಿಡಲಿಲ್ಲ. ಪಾತ್ರೆಯ ಕಥೆ ಹೇಳಿದಳು, ಇಟ್ಟಿಗೆ ಪುಡಿಯ ಕಥೆ ಹೇಳಿದಳು. ಶೆಟ್ಟರು ಬೊಕ್ಕೆ ಬಂದ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತ ಕೂತಿದ್ದರು.

"ಅತ್ತೆ," ಎಂದ ಅನಂತ. "ಮದುವೆಯಾದ ಮೇಲೆ ನಾನು ಗಂಜಿಯ ಮುಖ ನೋಡಿಲ್ಲ."

ಒಂದು ಬಟ್ಟಲು ಕುಡಿದ, ಇನ್ನೊಂದು ಕುಡಿದ, ಮೂರನೆಯದಕ್ಕೆ ತಾನೇ ಬಟ್ಟಲು ಮುಂದೆ ಚಾಚಿದ. ಅಳಿಯ ಕೇಳಿ ಹಾಕಿಸಿಕೊಂಡು ಉಣ್ಣುವುದನ್ನು ಕುಸುಮಾವತಿ ಆವರೆಗೆ ಯಾವ ಮನೆಯಲ್ಲೂ ಕಂಡಿರಲಿಲ್ಲ.

ಅಡಿಗೆಮನೆಯಲ್ಲಿ ನಿರ್ಮಲ ಅಮ್ಮನ ಕಿವಿಯಲ್ಲಿ ಉಳಿದದ್ದನ್ನು ಹೇಳಿದಳು. ಸರೋಜತ್ತೆಯ ಮನೆಯ ಟರ್ಕಿ ಹೊರಗೆ ಕಪ್ಪಗಾಗಿತ್ತು, ಒಳಗೆ ಎಲುಬಿನ ಹತ್ತಿರ ಕೆಂಪಗೇ ಇತ್ತು. ಇವರ ಪಾಲಿಗೆ ಬಂದದ್ದು ತೊಡೆ. ಬೇಡ ಎನ್ನುವ ಹಾಗಿಲ್ಲವಲ್ಲ, ತಿಂದರು. ಮೂರು ದಿನ ಮಲಗಿದಲ್ಲಿಂದ ಏಳಲಿಲ್ಲ, ಆಮೇಲೂ ಬಾರ್ಲಿ ನೀರಿನಲ್ಲೇ ಇದ್ದಾರೆ. ಸರೋಜತ್ತೆಗೆ ಬೇಸರವಾಗುತ್ತದೆ, ಯಾರಿಗೂ ಹೇಳಬಾರದು ಎಂದು ಆಣೆ ಹಾಕಿಸಿದ್ದಾರೆ.

"ನೀನೂ ಯಾರಿಗೂ ಹೇಳ್ಬಾರ್ದು ಅಮ್ಮ."

ಇಪ್ಪತ್ತೈದು ವರ್ಷ ಕಾದು ಕೂತವಳ ಕೈಗೆ ಕತ್ತಿ ಕೊಟ್ಟು ಬೀಸಬೇಡ ಎಂದಂತಾಯಿತು. ಕುಸುಮಾವತಿ ಮಿಡಿಯ ಭರಣಿಯ ಬಾಯಿ ಬಿಗಿಯಾಗಿ ಕಟ್ಟಿ, ಆಯಿತು ಎಂದಳು. ಆ ಆಯಿತು ಅವಳ ಬಾಯಿಂದ ಎಷ್ಟು ಕಷ್ಟದಲ್ಲಿ ಬಂತೆಂಬುದು ಅವಳಿಗೇ ಗೊತ್ತು.

ಇಷ್ಟಕ್ಕೆ ಮುಗಿಯುತ್ತಿತ್ತು. ಆದರೆ ತಿರುವನಂತಪುರಕ್ಕೆ ಹೋದ ಅನಂತನನ್ನು ಸರೋಜಕ್ಕ ಬಿಡುತ್ತಾಳೆಯೇ? ಕೊಚ್ಚಿಯ ಊಟ ಹೇಗಿತ್ತೆಂದು ಕೇಳಿದ್ದಾಳೆ. ಸುಳ್ಳು ಹೇಳಿ ಗೊತ್ತಿಲ್ಲದ ಹುಡುಗ, ಅತ್ತೆಯ ಮಾನವನ್ನೂ ಉಳಿಸಬೇಕು. ಬಾತಿನ ಹೆಸರೆತ್ತದೆ, ಅಂಥ ಊಟ ನಾನು ಎಲ್ಲೂ ಉಂಡಿಲ್ಲ ಎಂದ, ಕೆದಕಿ ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಿದ. ಬಾತು ಮಾಡುವ ಸುದ್ದಿಯನ್ನು ತಮ್ಮನಿಂದ ಮೊದಲೇ ತಿಳಿದಿದ್ದ ಸರೋಜಕ್ಕ ಅದನ್ನು ಊರಿಗೆಲ್ಲ ಬರೆದಳು. ದೊಡ್ಡಮ್ಮ, ಚಿಕ್ಕಪ್ಪ, ಕೋವಿಯ ಮಾವ, ಎಲ್ಲರ ಬಾಯಲ್ಲೂ ಕುಸುಮಾವತಿಯ ಬಾತಿನ ಮಾತೇ ಆಯಿತು. ಬಾಳೆಯ ಬುಡದಲ್ಲಿ ಮಲಗಿದ್ದ ಬಾತುಗಳಿಗೆ ಬದುಕಿದ್ದಾಗ ಇಲ್ಲದ ಕೀರ್ತಿ ಬಂತು. ಗಣೇಶ ಚೌತಿ ಕಳೆದ ಮೇಲೆ ಸರೋಜಕ್ಕ ಬರೆದಳು: ಊರಿಗೆ ಹೋಗುವ ದಾರಿಯಲ್ಲಿ ಒಂದು ದಿನ ಕೊಚ್ಚಿಯಲ್ಲಿ ಇಳಿಯುತ್ತೇನೆ, ಆ ಬಾತು ನನಗೂ ಮಾಡಿ ಹಾಕಬೇಕು.

ಕುಸುಮಾವತಿ ಮಟ್ಟಾಂಚೇರಿಯಲ್ಲಿ ಕಲಾಯಿಯವನೊಬ್ಬನನ್ನು ಹುಡುಕಿಸಿ, ಪಾತ್ರೆಯನ್ನು ತಾನೇ ದೋಣಿಯಲ್ಲಿ ಕೊಂಡುಹೋಗಿ ಎದುರು ನಿಂತು ಲೇಪ ಹಾಕಿಸಿಕೊಂಡು ಬಂದಳು. ಶೆಟ್ಟರಿಗೆ ಅಡಿಗೆಮನೆಯ ಹೊಸ್ತಿಲು ದಾಟುವ ಅಪ್ಪಣೆ ಇರಲಿಲ್ಲ. ಈ ಸಲ ಬಾತು ನಿಜಕ್ಕೂ ಚೆನ್ನಾಗಿ ಆಯಿತು. ಏಲಿಕ್ಕುಟ್ಟಿ ಚೇಟತ್ತಿಯೇ ಒಂದು ತುಂಡು ಬಾಯಿಗೆ ಹಾಕಿಕೊಂಡು, ಇದು ನಮ್ಮದಕ್ಕಿಂತ ಒಂದು ಕೈ ಮೇಲೆ ಎಂದಳು.

ಸರೋಜಕ್ಕ ಕೂತಳು, ರೊಟ್ಟಿ ಮುರಿದು ಗಸಿಯಲ್ಲಿ ಅದ್ದಿದಳು, ತಿಂದಳು. ಎರಡನೆಯ ತುಂಡನ್ನೂ ತಿಂದಳು. ಕುಸುಮಾವತಿ ಸೌಟು ಹಿಡಿದು ನಿಂತೇ ಇದ್ದಳು.

"ಒಳ್ಳೆದುಂಟು," ಎಂದಳು ಸರೋಜಕ್ಕ. "ಆದ್ರೆ ಇದು ಅದಲ್ಲ."

"ಯಾವುದಲ್ಲ ಅಕ್ಕ?"

"ಅನಂತ ಹೇಳಿದ್ದು ಬೇರೆ. ಅಗಿಯುವ ಕೆಲಸವೇ ಇರ್ಲಿಲ್ಲ, ಗಂಟಲಲ್ಲಿ ತಾನಾಗಿ ಇಳೀತು ಅಂದ. ಖಾರ ಇಲ್ಲ, ಮಸಾಲೆ ಇಲ್ಲ, ಬೆಳ್ಳಗೆ ಇತ್ತು, ಉಂಡ ಮೇಲೆ ಚೆಂದ ನಿದ್ದೆ ಬಂತು ಅಂದ. ನಾನು ಮೂರು ತಿಂಗಳಿಂದ ಯೋಚನೆ ಮಾಡ್ತಾ ಇದ್ದೇನೆ, ಬಾತನ್ನು ಬೆಳ್ಳಗೆ ಮಾಡುದು ಹೇಗೆ ಅಂತ."

ಕುಸುಮಾವತಿ ತುಟಿ ಕಚ್ಚಿ ಹಿಡಿದಳು. ಹಿಡಿದದ್ದು ನಿಲ್ಲಲಿಲ್ಲ. ಸೌಟನ್ನು ಪಾತ್ರೆಗೆ ಬಿಟ್ಟು, ಅಲ್ಲೇ ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಎಲ್ಲ ಹೇಳಿದಳು: ಕಲಾಯಿ, ಇಟ್ಟಿಗೆ ಪುಡಿ, ಬಾಳೆಯ ಬುಡ, ಗಂಜಿ. ಟರ್ಕಿಯ ಮಾತು ಮಾತ್ರ ತುಟಿಯವರೆಗೆ ಬಂದದ್ದನ್ನು ನುಂಗಿಕೊಂಡಳು.

ಸರೋಜಕ್ಕ ನಗಲಿಲ್ಲ. ಎಲೆಯ ಮೇಲಿನ ತುಂಡನ್ನು ತಿರುಗಿಸಿ ಎಲುಬಿನ ಹತ್ತಿರ ನೋಡಿದಳು. ಅಲ್ಲಿ ಕೆಂಪು ಇರಲಿಲ್ಲ.

"ಅವನು ನಮ್ಮಲ್ಲಿ ಉಂಡು ಹೋಗಿ ಮಲಗಿದ್ದಾ?" ಎಂದು ಕೇಳಿದಳು.

"ಹಾಗೆಂತ ಇಲ್ಲಪ್ಪ. ಟರ್ಕಿ ಭಾರೀ ಒಳ್ಳೆದಿತ್ತು ಅಂತಲೇ ಹೇಳಿದ್ದು."

"ಹೇಳ್ತಾನೆ, ಪಾಪ. ನಾವು ಮನೆಯವರೆಲ್ಲ ಮೂರು ದಿನ ಸರದಿ ಪ್ರಕಾರ ಬಚ್ಚಲಿಗೆ ಓಡಿದ್ದೇವೆ. ಅಳಿಯನಿಗೊಬ್ಬನಿಗೆ ಏನೂ ಆಗ್ಲಿಲ್ಲ ಅಂತ ನಾನು ದೇವರಿಗೆ ದೀಪ ಇಟ್ಟೆ." ಸರೋಜಕ್ಕ ತುಂಡನ್ನು ಎಲೆಯ ಅಂಚಿಗೆ ಸರಿಸಿದಳು. "ಟರ್ಕಿ ಕೊಯ್ದು ಬಡಿಸುವಾಗಲೇ ನನಗೆ ಕೆಂಪು ಕಂಡಿತ್ತು ಕುಸುಮಾ. ಆದ್ರೆ ಅವನ ಎಲೆಗೆ ಬಿದ್ದಾಗಿತ್ತು. ತೆಗಿಲಿಕ್ಕೆ ನಾಚಿಕೆ ಆಯ್ತು. ನೀನು ಎರಡು ಬಾತು ಮಣ್ಣಿಗೆ ಹಾಕಿದಿ, ನನಗೆ ಒಂದು ತುಂಡು ಹಿಂದೆ ತಗೊಳ್ಲಿಕ್ಕೆ ಆಗ್ಲಿಲ್ಲ."

ಇಷ್ಟು ವರ್ಷ ಕುಸುಮಾವತಿ ಕೇಳಬೇಕೆಂದಿದ್ದ ಮಾತು ಇದೇ ಇರಬೇಕು. ಕೇಳಿದ ಮೇಲೆ ಗೆದ್ದೆ ಅನ್ನಿಸಲಿಲ್ಲ, ಎದುರಿಗೆ ಕೂತವಳ ಮೇಲೆ ಪ್ರೀತಿ ಬಂತು. ಅವಳು ಎದ್ದು ಹೋಗಿ ಸರೋಜಕ್ಕನ ಪಕ್ಕದಲ್ಲೇ ತನ್ನ ಎಲೆಯನ್ನೂ ಹಾಕಿಕೊಂಡಳು.

"ಗಂಜಿ ಉಂಟಾ?" ಎಂದಳು ಸರೋಜಕ್ಕ.

ಇತ್ತು. ಇಬ್ಬರೂ ಬಟ್ಟಲು ಹಿಡಿದು ಕೂತರು. ಬಾಗಿಲಲ್ಲಿ ಕಾಯುತ್ತಿದ್ದ ದಿನಕರ ಶೆಟ್ಟರಿಗೆ ಇದೇ ಸಮಯ ಎಂದು ತೋರಿತು. ಅವರು ಮೆಲ್ಲಗೆ ಹಿತ್ತಲ ಕಡೆಯಿಂದ ಬಂದು ಬಾತಿನ ಗಸಿಯನ್ನು ಬೇರೆ ಪಾತ್ರೆಗೆ ಬಗ್ಗಿಸಿದರು, ತಾಮ್ರದ ಪಾತ್ರೆಯನ್ನು ಬಾವಿಯ ಹತ್ತಿರ ಒಯ್ದಿಟ್ಟರು, ತೋಳು ಮಡಿಸಿ ನಾರು ಹುಡುಕತೊಡಗಿದರು.

ಸರೋಜಕ್ಕ ಗಂಜಿಯ ಬಟ್ಟಲು ಕೆಳಗಿಟ್ಟು ಎದ್ದು ಹೋಗಿ ತಮ್ಮನ ಕೈಯಿಂದ ನಾರು ಕಿತ್ತುಕೊಂಡು ಬಂದಳು.